ಹುರುಳಿಗೆ ಹತ್ತು ಮಾರು ಈಚೆ

ಈ ವಾರ್ಷಿಕೋತ್ಸವದ ಅಧ್ಯಕ್ಷತೆ ವಹಿಸಿರುವ, ನಮ್ಮ ಸೈಕಲ್ ಬಳಗಕ್ಕೆ ಮೊದಲ ದಿನದಿಂದಲೂ ಗಾಳಿ ತುಂಬುತ್ತಾ ಬಂದಿರುವ ಹಿರಿಯರಾದ ಚಿಕ್ಕಬಸಪ್ಪನವರೇ, ಮುಖ್ಯ ಅತಿಥಿಗಳಾಗಿ ಬಂದಿರುವ, ನನ್ನ ಮುರಿದ ಮೂಳೆಯನ್ನು ಕೂಡಿಸಿಕೊಟ್ಟ ಡಾಕ್ಟರ್ ಭಾನುಪ್ರಿಯಾ ಅವರೇ, ಕಾರ್ಯದರ್ಶಿ ನಿಂಗರಾಜು ಅವರೇ, ನಂಜನಗೂಡಿನಿಂದ ಬೆಳಗ್ಗೆ ಸೈಕಲ್ ತುಳಿದುಕೊಂಡೇ ಈ ನರಸೀಪುರಕ್ಕೆ ಬಂದು, ಉಪ್ಪಿಟ್ಟು ತಿಂದು, ಈಗ ಕುರ್ಚಿಯಲ್ಲಿ ತೂಕಡಿಸುತ್ತಿರುವ ಗೆಳೆಯರೇ, ಎರಡನೇ ಸಾಲಿನಲ್ಲಿ ಕೂತು ಇವರು ಇವತ್ತು ಏನು ಎಡವಟ್ಟು ಮಾತಾಡುತ್ತಾರೋ ಎಂದು ನೋಡುತ್ತಿರುವ ನನ್ನ ಧರ್ಮಪತ್ನಿ ಸರ್ವಮಂಗಳಾ, ಮತ್ತು ಎಲ್ಲ ಸಭಿಕರೇ,

ನಿಂಗರಾಜು ನನಗೆ ಐದು ನಿಮಿಷ ಕೊಟ್ಟಿದ್ದಾರೆ. ಮೂವತ್ತೊಂದು ವರ್ಷ ಬಸ್ಸುಗಳ ನಡುವೆ ಬದುಕಿದವನು ನಾನು. ಐದು ನಿಮಿಷದಲ್ಲಿ ಹೊರಡುತ್ತದೆ ಎಂದು ಹೇಳಿದ ಬಸ್ಸು ಎಷ್ಟು ಹೊತ್ತಿಗೆ ಹೊರಡುತ್ತದೆ ಎಂಬುದು ನನಗೂ ಗೊತ್ತು, ನಿಮಗೂ ಗೊತ್ತು. ಆದ್ದರಿಂದ ದಯವಿಟ್ಟು ಸಹಿಸಿಕೊಳ್ಳಬೇಕು.

ಈಗ ತಾನೇ ನನ್ನ ಅಭಿನಂದನಾ ಪತ್ರವನ್ನು ಓದಿದರು. ಅದರಲ್ಲಿ ಒಂದು ಸಾಲು ಹೀಗಿದೆ: ‘ರಸ್ತೆಯ ಮೇಲೆ ಹರಡಿದ್ದ ಹುರುಳಿಯಿಂದ ಜಾರಿ ಬಿದ್ದು ಕಾಲರ್ ಬೋನ್ ಮುರಿದುಕೊಂಡರೂ ಛಲ ಬಿಡದೆ ಮತ್ತೆ ಸೈಕಲ್ ಏರಿದ ಶ್ರೀ ಬಸವೇಶ್ ಅವರು.’ ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ಆ ಸಾಲಿನ ಬಗ್ಗೆ ನಾನು ಒಂದು ಮಾತು ಹೇಳಬೇಕಾಗಿದೆ. ಹೇಳುವ ಧೈರ್ಯ ಇನ್ನೂ ಬಂದಿಲ್ಲ. ಬರುವವರೆಗೆ ಮೂಳೆಯ ವಿಷಯ ಮಾತಾಡುತ್ತಿರುತ್ತೇನೆ.

ಕಾಲರ್ ಬೋನ್ ಎಂದರೆ ಕುತ್ತಿಗೆಯ ಕೆಳಗೆ, ಎದೆಗೂ ಭುಜಕ್ಕೂ ನಡುವೆ ಅಡ್ಡಲಾಗಿರುವ ಮೂಳೆ. ಅಂಥದೊಂದು ನನ್ನ ಮೈಯಲ್ಲಿದೆ ಎಂಬುದು ಅರವತ್ತೆರಡು ವರ್ಷ ನನ್ನ ಗಮನಕ್ಕೇ ಬಂದಿರಲಿಲ್ಲ. ಮುರಿದ ಮೇಲೆ ಮೈಯಲ್ಲಿ ಅದೊಂದೇ ಇದೆ ಎನ್ನಿಸಿತು. ಸೀನಿದರೆ ಅಲ್ಲಿ, ಕೆಮ್ಮಿದರೆ ಅಲ್ಲಿ, ನಕ್ಕರೂ ಅಲ್ಲಿ. ಡಾಕ್ಟರಮ್ಮ ಎಕ್ಸ್‌ರೇ ನೋಡಿ, ‘ಆಪರೇಷನ್ ಬೇಡ, ಪಟ್ಟಿ ಸಾಕು, ಆರು ವಾರ ಸುಮ್ಮನಿರಿ’ ಎಂದರು. ಸುಮ್ಮನಿರುವುದು ಎಷ್ಟು ಕಷ್ಟ! ಮಲಗುವ ಹಾಗಿಲ್ಲ, ಈಜಿಚೇರಿನಲ್ಲಿ ಕೂತೇ ನಿದ್ದೆ. ಅಂಗಿಯ ಗುಂಡಿ ಹಾಕಲು ಹೆಂಡತಿ, ಸ್ನಾನಕ್ಕೆ ಹೆಂಡತಿ. ಬೆಳಗ್ಗೆ ವಿಭೂತಿ ಧರಿಸಲು ಬಲಗೈ ಏಳದೆ ಎಡಗೈ ಎತ್ತಿದರೆ, ‘ಎಡಗೈಲಿ ಈಬೂತಿ ಇಟ್ಕೋತಾರೇನ್ರೀ, ಕೊಡಿ ಇಲ್ಲಿ’ ಎಂದು ಅವಳೇ ಇಟ್ಟಳು. ಮದುವೆಯಾಗಿ ಮೂವತ್ತಾರು ವರ್ಷವಾಯಿತು, ಅವಳ ಮುಖವನ್ನು ಅಷ್ಟು ಹತ್ತಿರದಿಂದ, ಅಷ್ಟು ನಿಧಾನವಾಗಿ ನಾನು ನೋಡಿರಲಿಲ್ಲ. ಹುಬ್ಬಿನಲ್ಲಿ ಒಂದೆರಡು ಬಿಳಿ ಕೂದಲು ಬಂದಿದ್ದವು. ಯಾವಾಗ ಬಂದವೋ! ನಾನು ಬಸ್ಸುಗಳನ್ನು ನೋಡುತ್ತಿದ್ದೆ.

ಪಟ್ಟಿ ಬಿಚ್ಚಿದ ಮೇಲೆ ಗೋಡೆ ಹತ್ತುವ ವ್ಯಾಯಾಮ. ನಗಬೇಡಿ. ಗೋಡೆಯ ಮುಂದೆ ನಿಂತು ಬೆರಳುಗಳನ್ನು ಜೇಡ ಹತ್ತುವ ಹಾಗೆ ಮೇಲಕ್ಕೆ ಹತ್ತಿಸಬೇಕು. ಎಲ್ಲಿಗೆ ಮುಟ್ಟುತ್ತದೋ ಅಲ್ಲಿಗೆ ಪೆನ್ಸಿಲಿನಲ್ಲಿ ಒಂದು ಗೆರೆ. ನಮ್ಮ ನಡುಮನೆಯ ಗೋಡೆಯಲ್ಲಿ ಈಗಲೂ ಆ ಗೆರೆಗಳಿವೆ, ಬೆಳೆಯುವ ಮಕ್ಕಳ ಎತ್ತರ ಗುರುತು ಹಾಕಿದ ಹಾಗೆ. ನಾಲ್ಕನೇ ತಿಂಗಳಿಗೆ ಬೆರಳು ಕ್ಯಾಲೆಂಡರಿನ ಮೊಳೆ ಮುಟ್ಟಿತು. ‘ಇನ್ನು ಸೈಕಲ್ ತುಳಿಯಬಹುದು’ ಎಂದು ಡಾಕ್ಟರಮ್ಮ ಅಪ್ಪಣೆ ಕೊಟ್ಟರು. ಆದರೆ ಮನೆಯ ಅಪ್ಪಣೆ ಆಗಬೇಕಲ್ಲ? ‘ಆ ಸೈಕಲ್ ನಿಮಗೆ ಆಗಿಬರಲ್ಲ ಕಣ್ರೀ, ಗುಜರಿಗೆ ಹಾಕಿ’ ಎಂದು ಸರ್ವಮಂಗಳಾ ಅದಕ್ಕೆ ಸರಪಳಿ ಬಿಗಿದು ಬೀಗದ ಕೈಯನ್ನು ಅಕ್ಕಿ ಡ್ರಮ್ಮಿನಲ್ಲಿ ಹೂತಿಟ್ಟಿದ್ದಳು. ಆಮೇಲೆ ಒಂದು ಸೋಮವಾರ ಸೈಕಲ್ಲಿಗೆ ಬೂದುಗುಂಬಳಕಾಯಿ ನಿವಾಳಿಸಿ ಒಡೆದು, ತಾನೇ ಬೀಗ ತೆಗೆದು, ‘ನಿಧಾನಕ್ಕೋಗಿ’ ಎಂದಳು.

ಹೋದೆ. ಮೊದಲ ದಿನ ಕಪಿಲೆಯ ಸೇತುವೆಯವರೆಗೆ. ಒಂದು ವಾರಕ್ಕೆ ಚಿಕ್ಕಯ್ಯನಛತ್ರ. ತಿಂಗಳೊಪ್ಪತ್ತಿನಲ್ಲಿ ಈ ನರಸೀಪುರಕ್ಕೇ ಬಂದು ಸಂಗಮದಲ್ಲಿ ಕಾಲು ತೊಳೆದುಕೊಂಡು ಹೋದೆ. ಎಲ್ಲ ದಾರಿಯಲ್ಲೂ ಹೋದೆ. ಒಂದು ದಾರಿ ಮಾತ್ರ ಆಗಲಿಲ್ಲ, ಹೆಮ್ಮರಗಾಲದ ದಾರಿ. ಆ ತಿರುವಿನವರೆಗೆ ಹೋಗಿ ಸೈಕಲ್ ಹಿಂದಕ್ಕೆ ತಿರುಗಿಸುತ್ತಿದ್ದೆ. ಬಳಗದವರು ಆ ಕಡೆ ಹೊರಟ ಭಾನುವಾರಗಳಲ್ಲಿ ನನಗೆ ಹೊಟ್ಟೆನೋವು ಬರುತ್ತಿತ್ತು. ‘ಬಿದ್ದ ಜಾಗದ ಭಯ ಸರ್, ಹೋಗುತ್ತೆ’ ಎಂದು ನಿಂಗರಾಜು ಸಮಾಧಾನ ಹೇಳಿದರು. ಅದು ಭಯವಲ್ಲ, ನಿಂಗರಾಜು.

ನಾನು ಸಾರಿಗೆ ಡಿಪೋದಲ್ಲಿ ಸಂಚಾರ ನಿರೀಕ್ಷಕನಾಗಿದ್ದವನು. ಎಲ್ಲಾದರೂ ಬಸ್ಸು ತಾಗಿತು, ಹಳ್ಳಕ್ಕಿಳಿಯಿತು ಎಂದರೆ ಟೇಪು ಹಿಡಿದು ಹೋಗಿ, ಅಳೆದು, ವರದಿ ಬರೆಯುವುದು ನನ್ನ ಕೆಲಸ. ಕರಿಯಯ್ಯ ಎಂಬ ಡ್ರೈವರ್ ಇದ್ದ. ಸುಗ್ಗಿಯಲ್ಲಿ ಅವನ ಬಸ್ಸು ರಸ್ತೆ ಬಿಟ್ಟು ಮೋರಿಗೆ ಇಳಿಯಿತು. ‘ರಾಗಿ ತೆನೆ ಹಾಸಿದ್ರು ಸಾ, ಬ್ರೇಕ್ ಹಿಡೀನಿಲ್ಲ’ ಎಂದು ಕೈಮುಗಿದ. ನಾನು ನಂಬಿದೆನೇ? ನಂಬಲಿಲ್ಲ. ‘ಚಾಲಕನ ಅಜಾಗರೂಕತೆ’ ಎಂದು ಬರೆದೆ. ಅವನ ಒಂದು ವರ್ಷದ ವೇತನ ಬಡ್ತಿ ಹೋಯಿತು. ಅವನು ಹೇಳಿದ್ದು ನಿಜವಿತ್ತೋ ಏನೋ, ನನಗೆ ಇವತ್ತಿಗೂ ಗೊತ್ತಿಲ್ಲ. ಈಜಿಚೇರಿನಲ್ಲಿ ಕೂತ ಆ ಆರು ವಾರದಲ್ಲಿ ಕರಿಯಯ್ಯ ಎಷ್ಟು ಸಲ ನೆನಪಾದ ಎಂದು ನಾನು ಯಾರಿಗೂ ಹೇಳಿಲ್ಲ. ಯಾಕೆ ನೆನಪಾಗುತ್ತಿದ್ದ? ಅದನ್ನೇ ಹೇಳುತ್ತಿದ್ದೇನೆ, ಕೇಳಿ.

ಹೋದ ಜನವರಿ, ಭಾನುವಾರ, ಬೆಳಗ್ಗೆ ಎಂಟು ಗಂಟೆ. ಬಳಗದವರನ್ನೆಲ್ಲ ಹಿಂದೆ ಹಾಕಿ ನಾನೊಬ್ಬನೇ ಮುಂದೆ ಬಂದಿದ್ದೆ. ಅರವತ್ತು ದಾಟಿದವನು ಹುಡುಗರನ್ನು ಹಿಂದೆ ಹಾಕಿದ್ದೇನೆ ಎಂಬ ಜಂಬ ಇರುವುದಿಲ್ಲವೇ? ಇತ್ತು. ಅದು ನಾಲ್ಕು ಜನಕ್ಕೆ ಕಾಣಬೇಡವೇ? ಜೇಬಿನಿಂದ ಫೋನ್ ತೆಗೆದು, ಕೈ ಚಾಚಿ, ನನ್ನ ಮುಖವನ್ನು ನಾನೇ ನೋಡಿಕೊಳ್ಳುತ್ತಾ, ‘ಗೆಳೆಯರೇ, ಶುಭೋದಯ, ನೀವೆಲ್ಲಿದ್ದೀರಿ?’ ಎಂದು ಮಾತಾಡುತ್ತಾ ವಿಡಿಯೋ ಮಾಡಿಕೊಳ್ಳುತ್ತಿದ್ದೆ. ಸೈಕಲ್ ಮೇಲೆ ಮೊಬೈಲ್ ಮುಟ್ಟಬಾರದು ಎಂಬುದು ನಮ್ಮ ಬಳಗದ ಎರಡನೇ ನಿಯಮ. ಬರೆದವನು ನಾನೇ. ರಸ್ತೆಯ ಅಂಚಿನ ಗುಂಡಿಗೆ ಮುಂದಿನ ಚಕ್ರ ಇಳಿಯಿತು. ಬಿದ್ದೆ.

ಅಲ್ಲಿ ಹುರುಳಿ ಇರಲಿಲ್ಲ. ಬರೀ ಟಾರು ಇತ್ತು. ಹುರುಳಿ ಹರಡಿದ್ದು ಅಲ್ಲಿಂದ ಹತ್ತು ಮಾರು ಆಚೆ. ಅಳತೆಯಲ್ಲಿ ನಾನು ತಪ್ಪುವವನಲ್ಲ.

ಆ ಹುರುಳಿ ಚಿಕ್ಕಮಾದಮ್ಮ ಎಂಬ ಹೆಂಗಸಿನದು. ಒಂದೂವರೆ ಎಕರೆ ಹೊಲ, ಸ್ವಂತ ಕಣ ಇಲ್ಲ. ಕಿತ್ತ ಹುರುಳಿಯನ್ನು ರಸ್ತೆಗೆ ಹರಡಿ, ಹೋಗಿ ಬರುವ ಗಾಡಿಗಳ ಚಕ್ರದಲ್ಲೇ ಒಕ್ಕಣೆ ಮಾಡಿಕೊಳ್ಳುವುದು ನಮ್ಮ ಕಡೆ ಯಾರಿಗೆ ಗೊತ್ತಿಲ್ಲ? ಆಕೆ ಸದ್ದು ಕೇಳಿ ಓಡಿ ಬಂದಳು. ‘ಅಯ್ಯೋ ಶಿವನೇ, ಬಸ್ ಬರೋ ಒತ್ತು, ಏಳಿ ಸಾ, ಏಳಿ’ ಎಂದಳು. ನನಗೆ ಏಳಲಾಗಲಿಲ್ಲ. ಎಡ ರಟ್ಟೆ ಹಿಡಿದು, ಸೊಂಟಕ್ಕೆ ಕೈ ಕೊಟ್ಟು, ಎಳೆದುಕೊಂಡು ಹೋಗಿ ರಸ್ತೆ ಬದಿಗೆ ಒಟ್ಟಿದ್ದ ಹುರುಳಿ ಸೊಪ್ಪಿನ ಗುಡ್ಡೆಯ ಮೇಲೆ, ಮೆತ್ತಗಿದೆ ಎಂದು, ಮಲಗಿಸಿದಳು. ಹಿಂದಕ್ಕೆ ಓಡಿ ಸೈಕಲ್ಲು, ಫೋನು ಎರಡನ್ನೂ ತಂದು ನನ್ನ ಪಕ್ಕದಲ್ಲಿಟ್ಟಳು. ಹಾಗೆ ಎಳೆಯಬಾರದಿತ್ತು ಎಂದು ಡಾಕ್ಟರಮ್ಮ ಹೇಳುತ್ತಾರೆ. ಇರಬಹುದು. ಎರಡೇ ನಿಮಿಷಕ್ಕೆ, ನಾನು ಬಿದ್ದಿದ್ದ ಜಾಗದ ಮೇಲೇ ಏಳೂವರೆಯ ಬಸ್ಸು ಹಾದು ಹೋಯಿತು. ತಡವಾಗಿ ಬಂದಿತ್ತು, ಸ್ಪೀಡಿನಲ್ಲಿತ್ತು.

ಆಮೇಲೆ ನೀವೆಲ್ಲ ಬಂದಿರಿ. ನಿಮ್ಮ ಕಣ್ಣಿಗೆ ಏನು ಕಂಡಿತು? ಹುರುಳಿಯ ಮೇಲೆ ಬಿದ್ದಿರುವ ನಾನು. ‘ಏನಾಯ್ತು ಸರ್?’ ಎಂದು ನಿಂಗರಾಜು ಕೇಳಿದರು. ನಾನು ‘ಹುರುಳಿ’ ಎಂದೆ. ಅದೊಂದೇ ಮಾತು. ನೋವಿನಲ್ಲಿ ಬಾಯಿಗೆ ಬಂತು ಎಂದು ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡೆ. ಇಲ್ಲ, ಬೇಕೆಂದೇ ಅಂದೆ. ನೀವು ಆಕೆಯ ಮೇಲೆ ಕೂಗಾಡುತ್ತಿದ್ದಾಗ ನಾನು ಕಣ್ಣು ಮುಚ್ಚಿಕೊಂಡಿದ್ದೆ. ಆಸ್ಪತ್ರೆಗೆ ಹೋಗುವ ಆಟೋದಲ್ಲಿ, ಎಕ್ಸ್‌ರೇಗೂ ಮೊದಲು, ಎಡಗೈಯಲ್ಲಿ ತಡಕಾಡಿ ಆ ವಿಡಿಯೋವನ್ನು ಅಳಿಸಿ ಹಾಕಿದೆ. ಮೂಳೆ ಮುರಿದವನಿಗೆ ಇದ್ದ ಮೊದಲ ಯೋಚನೆ ಅದು!

ಮುಂದಿನದು ನಿಮಗೆ ಗೊತ್ತು. ರಸ್ತೆ ಒಕ್ಕಣೆ ನಿಲ್ಲಿಸಬೇಕೆಂದು ಬಳಗದಿಂದ ಪಂಚಾಯಿತಿಗೆ ಅರ್ಜಿ ಕೊಟ್ಟಿರಿ. ಮೊದಲ ಸಹಿ ನನ್ನದು, ಎಡಗೈಯಲ್ಲಿ. ಅಂಥದೇ ಸಹಿಯನ್ನು ಚೆಕ್ಕಿನ ಮೇಲೆ ಬ್ಯಾಂಕಿನವರು ಒಪ್ಪಲಿಲ್ಲ, ಪಂಚಾಯಿತಿಯವರು ಒಪ್ಪಿದರು. ಚಿಕ್ಕಮಾದಮ್ಮನ ಹೆಸರಿನಲ್ಲಿ ನೋಟಿಸು ಬಂತು, ಬಸ್ ಶೆಲ್ಟರಿನ ಗೋಡೆಗೂ ಅಂಟಿಸಿದರು. ಊರಿನವರು ಆಕೆಯನ್ನು ‘ಇನ್ಸ್‌ಪೆಟ್ರ ಮೂಳೆ ಮುರ್ದೋಳು’ ಎಂದು ಕರೆಯತೊಡಗಿದರು.

ಆಕೆ ನಮ್ಮ ಮನೆಗೆ ಬಂದಿದ್ದಳು. ಒಂದು ಸಲವಲ್ಲ, ಮೂರು ಸಲ. ಬಸ್ಸು ಹತ್ತಿ, ಸ್ಟೀಲ್ ಡಬ್ಬಿಯಲ್ಲಿ ಹುರುಳಿ ಬೇಯಿಸಿ ಬಸಿದ ಕಟ್ಟು ತಂದು, ‘ಮೂಳೆಗೆ ಒಳ್ಳೇದು ಕನ್ರವ್ವ’ ಎಂದು ಸರ್ವಮಂಗಳಾ ಕೈಗೆ ಕೊಡುತ್ತಿದ್ದಳು. ಬಾಗಿಲ ಹತ್ತಿರ ನಿಂತು ನನ್ನ ಮುಖ ನೋಡುತ್ತಿದ್ದಳು. ‘ಕೂಡ್ಕತಾ ಸಾ?’ ಎನ್ನುತ್ತಿದ್ದಳು. ಆಮೇಲೂ ಸ್ವಲ್ಪ ಹೊತ್ತು ನಿಂತಿರುತ್ತಿದ್ದಳು. ಕ್ಷಮಾಪಣೆ ಕೇಳಲು ಬಂದಿದ್ದಾಳೆ ಎಂದುಕೊಂಡೆ. ‘ಆಯ್ತು ಹೋಗಮ್ಮ, ಆದದ್ದಾಯ್ತು’ ಎಂದು ದೊಡ್ಡ ಮನಸ್ಸು ಮಾಡಿ ಹೇಳಿ ಕಳಿಸುತ್ತಿದ್ದೆ. ಸಭಿಕರೇ, ಆ ದೊಡ್ಡ ಮನಸ್ಸನ್ನು ನೆನೆದರೆ ಈಗ ನನಗೆ ನಾಚಿಕೆಯಾಗುತ್ತದೆ.

ಹೋದ ಭಾನುವಾರ, ಈ ಸನ್ಮಾನದ ಕರೆ ಬಂದ ಮೇಲೆ, ನಾನೊಬ್ಬನೇ ಹೆಮ್ಮರಗಾಲದ ದಾರಿ ಹಿಡಿದೆ. ಆ ತಿರುವಿನಲ್ಲಿ ಈ ಸಲ ಹಿಂದಕ್ಕೆ ತಿರುಗಿಸಲಿಲ್ಲ. ಚಿಕ್ಕಮಾದಮ್ಮನವರು ಹೊಲದಲ್ಲಿದ್ದರು. ಹುರುಳಿ ಕಾಯಿ ಬಲಿತಿತ್ತು. ಬದುವಿನ ಮೇಲೆ ನಿಂತು, ‘ಒಂದು ವಿಷಯ ಹೇಳಬೇಕಮ್ಮ, ಅವತ್ತು ನಾನು ಬಿದ್ದದ್ದು ನಿಮ್ಮ ಹುರುಳಿಯಿಂದಲ್ಲ’ ಎಂದೆ. ಅವರು ಬೆನ್ನು ನೆಟ್ಟಗೆ ಮಾಡಿ ನನ್ನನ್ನು ನೋಡಿದರು.

‘ಎತ್ಕಬಂದೋಳು ನಾನಲ್ವಾ ಸಾ? ಎಲ್ಲಿಂದ ಎತ್ಕಬಂದೆ ಅಂತ ನಂಗೊತ್ತಿಲ್ವಾ?’

ಗೊತ್ತಿತ್ತು. ಮೊದಲ ದಿನದಿಂದ ಗೊತ್ತಿತ್ತು. ಮತ್ತೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ‘ನಾನ್ ಯೋಳುದ್ರೆ ಯಾರ್ ನಂಬಾರು? ನೀವೇ ಯೋಳ್ತೀರಿ ಅಂತಿದ್ದೆ. ಅದ್ಕೇ ಮೂರ್ ಕಿತ ಬಂದಿದ್ದು ನಿಮ್ಮನೆಗೆ. ಯೋಳ್ನಿಲ್ಲ ನೀವು’ ಎಂದರು. ಬೈದರೆ ತಡೆದುಕೊಳ್ಳಬಹುದಿತ್ತು. ಬೈಯಲಿಲ್ಲ, ಮತ್ತೆ ಬಗ್ಗಿ ಹುಲ್ಲು ಕಿತ್ತರು.

ರಸ್ತೆಯಲ್ಲಿ ಒಕ್ಕಣೆ ಮಾಡುವುದು ಸರಿ ಎಂದು ನಾನು ವಾದಿಸುವುದಿಲ್ಲ. ಜಾರಿ ಬಿದ್ದವರು ಇದ್ದಾರೆ. ಕಣ ಬೇಕು ಎಂದು ಪಂಚಾಯಿತಿಯನ್ನು ಕೇಳೋಣ, ನಾನೇ ಮುಂದೆ ನಿಲ್ಲುತ್ತೇನೆ. ಆದರೆ ಇವತ್ತು ಬಿಡುಗಡೆಯಾಗಬೇಕಿರುವ ‘ರಸ್ತೆ ಒಕ್ಕಣೆ ನಿಲ್ಲಿಸಿ’ ಕರಪತ್ರದ ಮೇಲೆ ಪಟ್ಟಿ ಕಟ್ಟಿಕೊಂಡ ನನ್ನ ಫೋಟೋ ಇದೆ. ಅಧ್ಯಕ್ಷರೇ, ದಯವಿಟ್ಟು ಅದನ್ನು ಬಿಡುಗಡೆ ಮಾಡಬೇಡಿ. ಆ ಅರ್ಜಿಯಿಂದ ನನ್ನ ಸಹಿಯನ್ನು ಹಿಂದಕ್ಕೆ ಪಡೆದಿದ್ದೇನೆ, ನಿನ್ನೆ, ಬಲಗೈಯಲ್ಲಿ ಬರೆದುಕೊಟ್ಟು. ಇನ್ನು ಹದಿನೈದು ದಿನಕ್ಕೆ ಆ ಹೊಲದಲ್ಲಿ ಹುರುಳಿ ಕೀಳುತ್ತಾರೆ. ಅಷ್ಟರೊಳಗೆ ಶೆಲ್ಟರಿನ ಗೋಡೆಯ ಆ ಹೆಸರು ಹೋಗಬೇಕು.

ಚಿಕ್ಕಮಾದಮ್ಮನವರನ್ನು ಈ ಸಭೆಗೆ ಕರೆದೆ. ಕಾರು ಕಳಿಸುತ್ತೇನೆ, ಬನ್ನಿ, ನಿಮ್ಮ ಮುಂದೆಯೇ ತಪ್ಪು ಒಪ್ಪಿಕೊಳ್ಳುತ್ತೇನೆ ಎಂದೆ. ಬರುವುದಿಲ್ಲ ಎಂದರು. ‘ನನ್ ಮುಂದ್ಕೆ ಯಾಕ್ ಯೋಳೀರಿ ಸಾ, ನಂಗೊತ್ತಿರೋದ್ನ? ನನ್ನ ಬೈದ್ರಲ್ಲ, ಅವ್ರ ಮುಂದ್ಕೆ ಯೋಳಿ’ ಎಂದರು.

ನೀವೆಲ್ಲ ಇಲ್ಲಿದ್ದೀರಿ. ಹೇಳಿದ್ದೇನೆ.

ಇಷ್ಟು ಹೊತ್ತು ಕೇಳಿದ ನಿಮಗೆ, ಚಪ್ಪಾಳೆ ತಟ್ಟದೆ ಕೂತಿರುವ ನಿಮಗೆ, ನಾನು ಋಣಿ. ನಮಸ್ಕಾರ.