ಬಾನೆಟ್ ಮೇಲಿನ ಗೀರುಗಳು

ಬೇಡ, ಬೇಡ, ಬೇಡ! ಆ ಬಟ್ಟೆ ಕೆಳಗಿಡು ಮೊದಲು! ಒಣ ಧೂಳಿನ ಮೇಲೆ ಒಣ ಬಟ್ಟೆ ಎಳೀತಾರೇನೋ ಯಾರಾದ್ರೂ?... ನಗ್ತೀಯಾ? ನಗು, ನಗು. ಹತ್ತೊಂಬತ್ತು ವರ್ಷ ಕಾರು ತೊಳೆದೇ ಹೊಟ್ಟೆ ಹೊರ್ಕೊಂಡವನು ನಾನು. ನನ್ನ ಶೆಡ್ಡಿನ ಮುಂದೆ ನಿಂತು, ನನ್ನ ಕಣ್ಣೆದುರಿಗೇ ನನ್ನ ಭಾವಮೈದ ಹೀಗೆ ಒರೆಸಿದ್ರೆ ನೋಡ್ಕೊಂಡಿರ್ಲಾ? ಧೂಳು ಅಂದ್ರೆ ಏನು ಅಂದ್ಕೊಂಡಿದ್ದೀಯ? ಸಣ್ಣ ಮರಳು ಅದು. ಬಟ್ಟೆಗೆ ಮರಳು ಮೆತ್ಕೊಂಡು ಉಜ್ಜಿದ್ರೆ ಏನಾಗುತ್ತೆ ಹೇಳು. ಬಡಗಿ ಮರಳು ಕಾಗದ ಹಾಕಿ ಉಜ್ಜಲ್ವಾ, ಅದೇ!

ಕೂತ್ಕೋ. ಆ ಸ್ಟೂಲ್ ಎಳ್ಕೋ. ಅರ್ಧ ಗಂಟೆ ಅಷ್ಟೇ. ನಿನ್ನ ಕಾರು ಥಳಥಳ ಅನ್ನೋ ಹಾಗೆ ಮಾಡಿ ಕಳಿಸ್ತೀನಿ. ಹೊಲಿಗೆ ಮಿಷನ್ ಹಿಂದಿನ ಸೀಟಲ್ಲಿ ಭದ್ರವಾಗಿ ಕೂತಿದೆ, ಎಲ್ಲೂ ಓಡಿಹೋಗಲ್ಲ. ನಿನ್ನ ಅಕ್ಕ ಏನು ಇವತ್ತೇ ಹೊಲಿಯೋಕೆ ಕೂರ್ತಾಳಾ? ಏಳು ತಿಂಗಳ ಮೇಲೆ ಮುಖ ತೋರಿಸ್ತಿದ್ದೀಯ, ಮಿಷನ್ ಎತ್ಕೊಂಡು ಹಾಗೇ ಹೊರಟುಬಿಡ್ತೀಯಾ? ಇವತ್ತು ರಜೆ ಬೇರೆ. ಯಾರೂ ಬರಲ್ಲ. ರಜೆ ದಿನ ಈ ಶೆಡ್ಡಲ್ಲಿ ನಲ್ಲಿ ತೊಟ್ಟಿಕ್ಕೋದು ಒಳಗೆ ಮಲಗಿದ್ರೂ ಕೇಳಿಸುತ್ತೆ... ಗಾಜು ಏರಿಸಿದ್ದೀಯ ತಾನೇ? ಹಾಂ, ಸರಿ.

ಮೊದಲು ಬರೀ ನೀರು. ಕೈಯೇ ಮುಟ್ಟಿಸಬಾರದು. ಪೈಪಿನ ಮೂತಿ ನೋಡು ಎಷ್ಟು ದೂರ ಹಿಡಿದಿದ್ದೀನಿ. ಜೋರು ನೀರು ಬಿಟ್ರೆ ಕೊಳೆ ಬೇಗ ಹೋಗುತ್ತೆ ಅಂತ ಕೆಲವರು ಮೂತೀನ ಕಾರಿಗೇ ತಾಗಿಸಿಬಿಡ್ತಾರೆ. ಎಲ್ಲೋ ಕಲ್ಲು ಸಿಡಿದು ಚಕ್ಕೆ ಎದ್ದಿರುತ್ತೆ. ನೀರು ಅದರಡಿಗೆ ನುಗ್ಗಿತು ಅಂದ್ರೆ ಬಣ್ಣಾನೇ ಸಿಪ್ಪೆ ಸುಲಿದ ಹಾಗೆ ಸುಲಿದು ಬರುತ್ತೆ... ಏನು? ಇಲ್ಲ, ನಿಂದು ಚೆನ್ನಾಗಿದೆ. ಚಕ್ಕೆ ಇಲ್ಲ. ಆದ್ರೆ ಇಲ್ಲಿ ಬಾ, ಬಿಸಿಲಿಗೆ ಓರೆಯಾಗಿ ನೋಡು. ಈ ಉದ್ದುದ್ದ ಗೆರೆ ಕಾಣ್ತಿದೆಯಾ? ಒಂದರ ಪಕ್ಕ ಒಂದು, ಸಣ್ಣಗೆ? ಬ್ರಷ್ ತಿರುಗೋ ಮಿಷನ್ನಿಗೆ ಕೊಟ್ಟಿದ್ದೀಯ ತಾನೇ? ಅಲ್ಲ ಅನ್ನಬೇಡ! ಗೆರೆ ನೋಡಿದ್ರೆ ಹೇಳಿಬಿಡ್ತೀನಿ, ಡಾಕ್ಟರು ನಾಲಿಗೆ ನೋಡಿ ಹೇಳಿದ ಹಾಗೆ. ನಿನಗಿಂತ ಮುಂಚೆ ಹೋದ ಲಾರಿಯ ಕೆಸರೆಲ್ಲ ಆ ಬ್ರಷ್ಷಿನಲ್ಲೇ ಇರುತ್ತಪ್ಪ. ಐದು ನಿಮಿಷದ ಕೆಲಸ ಅಂತ ಖುಷಿಪಡ್ತೀರಿ. ಆ ಐದು ನಿಮಿಷ ಕಾರಿನ ಮೈಮೇಲೆ ಹಾಗೇ ಉಳ್ಕೊಂಡಿದೆ ನೋಡು.

ಎರಡು ಬಕೆಟ್. ಇದರಲ್ಲಿ ಶಾಂಪೂ, ಅದರಲ್ಲಿ ಬರೀ ನೀರು. ಇದು ಉಣ್ಣೆಯ ಕೈಗವಸು. ಮೇಲಿಂದ ಕೆಳಕ್ಕೆ, ನೇರವಾಗಿ, ಒತ್ತಬಾರದು. ಒಂದು ಸಲ ಎಳೆದೆ, ಆ ನೀರಲ್ಲಿ ಜಾಲಾಡಿದೆ, ಮರಳು ತಳಕ್ಕೆ ಹೋಯ್ತು. ಆಮೇಲೆ ಮತ್ತೆ ಶಾಂಪೂ. ಬಣ್ಣದ ಮೇಲೆ ಗಾಜಿನ ಹಾಗೆ ಒಂದು ಪದರ ಇರುತ್ತೆ, ತಲೆಕೂದಲಿಗಿಂತ ತೆಳು. ಹೊಳಪೆಲ್ಲ ಅದರದ್ದೇ. ಪಾತ್ರೆ ಸೋಪು ಹಾಕಿದ್ರೆ ಮೇಲಿನ ಮೇಣ ಎಲ್ಲ ತೊಳೆದುಹೋಗುತ್ತೆ, ಆಮೇಲೆ ಅದು ಬರಿಮೈ. ಬಿಸಿಲು, ಹಕ್ಕಿ ಹಿಕ್ಕೆ, ಎಲ್ಲಾ ನೇರ ಅದನ್ನೇ ತಿನ್ನುತ್ತೆ...

ಅಕ್ಕ ಹೇಗಿದ್ದಾಳೆ? ಮೊಣಕಾಲು ನೋವು?... ಹೂಂ ಅಂದ್ರೆ? ಕಡಿಮೆಯೋ, ಹಾಗೇ ಇದೆಯೋ?... ಸರಿ ಬಿಡು. ನಿನಗೇನು ಗೊತ್ತಾಗುತ್ತೆ. ನಾನಾ? ನಾನು ಆರಾಮಾಗಿದ್ದೀನಿ. ಅಡುಗೆ ಕಲಿತೆ. ಅನ್ನ ಮಾಡ್ತೀನಿ, ಒಂದು ಸಾರು ಮಾಡ್ತೀನಿ, ಮೂರು ಹೊತ್ತೂ ಅದೇ. ನಿಂತ್ಕೊಂಡೇ ಉಂಡುಬಿಡ್ತೀನಿ. ಒಬ್ಬನಿಗೆ ತಟ್ಟೆ ಹಾಕ್ಕೊಂಡು ಕೂರೋದು ಯಾಕೋ ನಾಟಕ ಅನ್ಸುತ್ತೆ. ನಿಮ್ಮಮ್ಮಂಗೆ ಹುಷಾರಿಲ್ಲ, ನೋಡ್ಕೊಳ್ಳೋಕೆ ಹೋಗಿದ್ದಾಳೆ ಅಂತ ಬೀದಿಯವರಿಗೆಲ್ಲ ಹೇಳಿದ್ದೀನಿ. ನೀನೂ ಯಾರಾದ್ರೂ ಸಿಕ್ಕಿದ್ರೆ ಹಾಗೇ...

ಏಯ್. ಏಯ್, ಅದನ್ನ ಯಾಕೆ ಎತ್ತಿದೆ? ಹೊದಿಕೆ ಮುಚ್ಚು. ಧೂಳು ಬೀಳುತ್ತೆ... ನನ್ನ ಕಾರೇ, ಹೌದು, ಮತ್ಯಾರದು? ಓಡಿಸ್ತಿಲ್ಲ ಅಷ್ಟೇ. ಬಾನೆಟ್ಟಾ? ಅದು... ನಾನೂ ಒಂದು ಸಲ ಬ್ರಷ್ ಮಿಷನ್ನಿಗೆ ಕೊಟ್ಟಿದ್ದೆ. ಕೈ ಮುರ್ಕೊಂಡು ಪ್ಲಾಸ್ಟರ್ ಹಾಕಿಸ್ಕೊಂಡಿದ್ನಲ್ಲ, ಆಗ. ಬೇರೆ ದಾರಿ ಇರಲಿಲ್ಲ.

ಯಾಕೆ ಹಾಗೆ ನೋಡ್ತೀಯ?... ಹೂಂ. ಈಗ ತಾನೇ ನಾನೇ ಹೇಳಿದೆ, ಅಲ್ವಾ? ಬ್ರಷ್ಷಿನ ಗೆರೆ ಉದ್ದುದ್ದ ಇರುತ್ತೆ. ಇದು ಉದ್ದ ಇಲ್ಲ. ಸುತ್ತು ಸುತ್ತು. ಪಾತ್ರೆ ತಳ ಉಜ್ಜಿದ ಹಾಗೆ.

ಸರಿ. ನಿನ್ನ ಅಕ್ಕನೇ. ಗೊತ್ತಿತ್ತಾ ನಿನಗೆ?... ಹೇಳು ಅಂದ್ರೆ ಹೇಳ್ತೀನಿ, ಅದರಲ್ಲೇನಿದೆ. ಪ್ಲಾಸ್ಟರ್ ಹಾಕಿ ಮೂರು ವಾರ ಆಗಿತ್ತು. ಇಲ್ಲಿ ನಾಲ್ಕು ಜನ ಕೆಲಸದವರಿದ್ರು, ಆದ್ರೆ ನನ್ನ ಕಾರು ಮಾತ್ರ ಯಾರೂ ಮುಟ್ಟಬಾರದು ಅಂದಿದ್ದೆ. ಕಾರು ಹೊರಗಡೆ ನಿಂತಿತ್ತು. ಮೇಲೆ ತಂತಿ, ತಂತಿ ತುಂಬ ಪಾರಿವಾಳ. ಮಂಚದ ಮೇಲೆ ಮಲಗಿ ದಿನಾ ಗೊಣಗ್ತಿದ್ದೆ, ಬಣ್ಣ ಹಾಳಾಯ್ತು, ಬಣ್ಣ ಹಾಳಾಯ್ತು ಅಂತ. ಎಷ್ಟು ಸಲ ಕೇಳ್ತಾಳೆ ಪಾಪ. ಒಂದು ದಿನ ಐದಕ್ಕೇ ಎದ್ದು, ಅಡುಗೆಮನೆ ಟಬ್ಬು, ಪಾತ್ರೆ ಸೋಪು, ಸ್ಟೀಲ್ ನಾರು... ಎಂಟು ಗಂಟೆವರೆಗೂ ಉಜ್ಜಿದ್ದಾಳೆ. ಆ ಮೊಣಕಾಲು ಇಟ್ಕೊಂಡು. ಆಮೇಲೆ ಒಳಗೆ ಬಂದು, 'ಕಣ್ಣು ಮುಚ್ಕೊಂಡು ಬನ್ನಿ' ಅಂದಳು. ಕೈ ಹಿಡ್ಕೊಂಡು ಕರ್ಕೊಂಡು ಬಂದಳು ಕಣೋ. ಮದುವೆಯಾಗಿ ಇಪ್ಪತ್ತು ವರ್ಷ ಆದವಳು, ಚಿಕ್ಕ ಹುಡುಗಿ ಹಾಗೆ.

ಒದ್ದೆ ಇದ್ದಾಗ ಚೆನ್ನಾಗೇ ಇತ್ತು. ಒದ್ದೆ ಇದ್ದಾಗ ಯಾವ ಗೀರೂ ಕಾಣಲ್ಲ. ಬಿಸಿಲಿಗೆ ಒಣಗ್ತಾ ಬಂದ ಹಾಗೆ... ಒಂದೊಂದೇ ಎದ್ದು ಬಂತು.

ಕೂಗಾಡಿದೆ. ಹೌದು, ಕೂಗಾಡಿದೆ. ಯಾವ ಗಂಡ ಕೂಗಾಡಲ್ಲ? ಕೈ ನೋವು, ಕೆಲಸ ಇಲ್ಲ, ತಲೆ ಕೆಟ್ಟಿತ್ತು. ಎರಡು ಮಾತು ಬಂತು, ಅಷ್ಟೇ. ಅಷ್ಟಕ್ಕೇ ಮನೆ ಬಿಟ್ಟು... ನೀನೇ ಹೇಳು, ಅಷ್ಟಕ್ಕೇ ಯಾರಾದ್ರೂ... ಏನು? ಪಾಲಿಶ್ ಮಾಡಿದ್ರೆ ಹೋಗಲ್ವಾ ಅಂತೀಯಾ? ಹೋಗದೆ ಏನು. ಪೂರಾ ಅಲ್ಲದಿದ್ರೂ ಮುಕ್ಕಾಲು ಪಾಲು ಹೋಗುತ್ತೆ, ಒಂದು ದಿನದ ಕೆಲಸ. ಎರಡು ಸಲ ಪಾಲಿಶ್ ಮಿಷನ್ ಹಿಡ್ಕೊಂಡು ಹತ್ತಿರ ಹೋದೆ. ಸ್ವಿಚ್ ಹಾಕಿದೆ, ಆರಿಸಿದೆ. ಮನಸ್ಸು ಬರಲಿಲ್ಲ.

ಮುಗೀತು ನಿಂದು. ಒರೆಸಿದ್ದೂ ಆಯ್ತು. ನೋಡು, ಕನ್ನಡಿ! ಮುಖ ನೋಡ್ಕೋಬಹುದು... ಕೇಳು, ನಾನೂ ಬರ್ಲಾ? ಮಿಷನ್ ಇಳಿಸೋಕೆ ಇಬ್ಬರು ಬೇಕು. ನಿಮ್ಮನೆ ಮಹಡಿ ಮೇಲೆ ಬೇರೆ. ಇಳಿಸಿ, ಹಾಗೇ ಬಸ್ಸಿಗೆ ವಾಪಸ್ ಬಂದುಬಿಡ್ತೀನಿ. ಒಳಗೂ ಬರಲ್ಲ. ಎರಡೇ ನಿಮಿಷ, ಅಂಗಿ ಬದಲಾಯಿಸಿ...

ಯಾಕೋ ಕೀಲಿಕೈ ಕಡೆ ನೋಡ್ತೀಯ? ನನ್ನ ಮುಖ ನೋಡು. ಬರಬೇಡ ಅಂದಿದ್ದಾಳಾ?... ಏನಾದ್ರೂ ಹೇಳೋ. ಬಯ್ಯಿ ಬೇಕಾದ್ರೆ. ಕೂಗಾಡಿದೆ ಅಂತ ನಾನೇ ಒಪ್ಕೊಂಡೆನಲ್ಲ, ಮತ್ತೆ...

ಓ.

ಹೇಳಿದ್ದಾಳೆ. ಎಲ್ಲಾ ಹೇಳಿದ್ದಾಳೆ. ಬಂದಾಗಿನಿಂದ ಗೊತ್ತಿತ್ತು ನಿನಗೆ... ಗೊತ್ತಿದ್ದೂ ನನ್ನ ಎರಡು ಬಕೆಟ್ಟಿನ ಪುರಾಣ ಕೇಳ್ತಾ ಕೂತಿದ್ಯಾ!

ಕೂಗಾಡಲಿಲ್ಲ ಕಣೋ ನಾನು. ಕೂಗಾಡಿದ್ರೆ ಅವಳು ಹೋಗ್ತಿರಲಿಲ್ಲ, ಇಪ್ಪತ್ತು ವರ್ಷ ಕೇಳಿದ್ದಾಳೆ ಅದನ್ನ. ಅವತ್ತು ಮೆಲ್ಲಗೆ ಮಾತಾಡಿದೆ. ಶೆಡ್ಡಿನ ಬಾಗಿಲು ತೆಗೆದಾಗಿತ್ತು. ಕೆಲಸದವರು ನಾಲ್ಕು ಜನ, ಗಿರಾಕಿಗಳು ಸಾಲಾಗಿ. ಅವಳ ತೋರುಬೆರಳು ಹಿಡಿದು ಬಾನೆಟ್ ಮೇಲಿಟ್ಟೆ. 'ಎಣಿಸು' ಅಂದೆ. 'ಎಷ್ಟು ಗೀರು ಹಾಕಿದ್ದೀಯ, ಎಲ್ಲರಿಗೂ ಕೇಳೋ ಹಾಗೆ ಎಣಿಸು.' ತಮಾಷೆ ಅಂದ್ಕೊಂಡಳೋ ಏನೋ, ಮೊದಲು ನಕ್ಕಳು. ನನ್ನ ಮುಖ ನೋಡಿ ಎಣಿಸೋಕೆ ಶುರು ಮಾಡಿದಳು. ಮೂರು ಗಂಟೆ ನೀರಲ್ಲಿ ನೆನೆದು ಬೆರಳೆಲ್ಲ ಬೆಳ್ಳಗೆ ಸುಕ್ಕುಗಟ್ಟಿತ್ತು. ನಲ್ಲಿ ನಿಲ್ಲಿಸಿ ಎಲ್ಲರೂ ನೋಡ್ತಿದ್ರು. ಹತ್ತರ ಹತ್ತಿರ ದನಿ ಒಡೀತು. ಆದ್ರೂ ಬಿಡಲಿಲ್ಲ. ನಾನೂ ಬೆರಳು ಬಿಡಲಿಲ್ಲ.

ಮೂವತ್ತೊಂದು. ಮೂವತ್ತೊಂದಕ್ಕೆ ನಿಂತಿತು.

ಸಾಕು ಅಂತ ನಾನೇ ಅಂದೆ ಅಂದಳಾ?... ಇಲ್ಲ ಅಲ್ವಾ. ಅನ್ನಲ್ಲ. ನನ್ನ ಮಾನ ಉಳಿಸೋಕೂ ಸುಳ್ಳು ಹೇಳೋಳಲ್ಲ ಅವಳು. ಸಾಕು ಅಂದದ್ದು ನಾನಲ್ಲ ಕಣೋ. ಸಾಲಲ್ಲಿ ನಿಂತಿದ್ದ ಯಾರೋ ಒಬ್ಬ. 'ಸಾಕು ಬಿಡಿ ಯಜಮಾನ್ರೇ' ಅಂದ, ಕಾರು ತೊಳೆಸದೇ ಹೊರಟುಹೋದ. ಅವನು ಬಾಯಿ ಬಿಡದೇ ಇದ್ದಿದ್ರೆ... ಇನ್ನೂ ಎಣಿಸಿಸ್ತಿದ್ದೆ ನಾನು.