ಮಂಡಿಯ ಹರಕೆ

1956ರ ಫೆಬ್ರವರಿ 12, ಭಾನುವಾರ, ಬೆಳಿಗ್ಗೆ ಏಳೂಕಾಲು ಗಂಟೆ. ಹುಣಸೂರಿನ ಬಸ್ ನಿಲ್ದಾಣದಲ್ಲಿ ಪುಟ್ಟಮಲ್ಲಪ್ಪನವರು ಬೆಟ್ಟದಪುರದ ಬಸ್ಸು ಬಾರದಿರಲಿ ಎಂದು ಬೇಡಿಕೊಳ್ಳುತ್ತ ಕೂತಿದ್ದರು. ಪಕ್ಕದಲ್ಲಿ ಹೆಂಡತಿ ನೀಲಾಂಬಿಕೆ, ಬುತ್ತಿಯ ಗಂಟಿನೊಂದಿಗೆ.

“ಅಲ್ಲ ಕಣಮ್ಮಿ, ಹರಕೆ ಹೊತ್ತೋಳು ನೀನು. ಬೆಟ್ಟ ಹತ್ತೋನು ನಾನಾ?”

“ವಾಸಿಯಾದ ಮಂಡಿ ಯಾರದು?”

“ನೀನೇ ಓಗಿ ಕೈ ಮುಗ್ದು ಬಾ. ಸ್ವಾಮಿ ಬ್ಯಾಡ ಅಂದಾನಾ?”

“ಗಂಡನ್ನ ಹತ್ತಿಸ್ತೀನಿ ಅಂತ ಮಾತು ಕೊಟ್ಟಿದೀನಿ. ಮೇಲೆ ನಿಂತ್ರೆ ಹಳೇ ಕೋಟೆ, ಕಾಡು ಎಲ್ಲಾ ಕಾಣ್ತದಂತೆ ಕಣ್ರೀ.”

“ಮಂಡಿ ಮತ್ತೆ ಚುಚ್ತಾ ಅದೆ.”

“ಅಯ್ಯೋ! ಅಂಗಾದ್ರೆ ಬೆಟ್ಟ ಬ್ಯಾಡ ಬುಡಿ. ಪಂಡಿತರ ಮನೆ ಇಲ್ಲೇ ಅದೆ. ಕಬ್ಬಿಣ ಕಾಯಿಸಿ ಇನ್ನೊಂದು ಬರೆ ಹಾಕ್ಸೋಣ.”

ಅಷ್ಟರಲ್ಲಿ ಬಸ್ಸು ಬಂತು.

“ಒಂಟೋಯ್ತು ಕಣಮ್ಮಿ ನೋವು!”

ಪುಟ್ಟಮಲ್ಲಪ್ಪನವರು ಹೆಂಡತಿಗಿಂತ ಮೊದಲೇ ಬಸ್ಸು ಹತ್ತಿದರು. ಬೆಟ್ಟದಪುರದ ಬೆಟ್ಟದ ತುದಿ ಸಮುದ್ರಮಟ್ಟದಿಂದ 4,389 ಅಡಿ ಎತ್ತರದಲ್ಲಿದೆ.