ಕಲ್ಲಿಟ್ಟು ಹೇಳುವ ಹೆಸರು

ನೂರಕ್ಕೂ ಹೆಚ್ಚು ವರ್ಷದ ಹಿಂದೆ ಜರ್ಮನರು ನಮ್ಮ ಹೆರೆರೊ ಜನರನ್ನು ಕೂಡಿಹಾಕಿ ಕೊಂದ ದ್ವೀಪದ ಗೇಟಿನಲ್ಲಿ ಸಾಲು ನಿಂತಿದ್ದೆವು. ನನ್ನ ಮುಂದೆ ಒಬ್ಬ ಅಜ್ಜಿ, ಮೊಮ್ಮಗಳು, ಬಿಳಿಯ ಅಳಿಯ.

"ವೆಕೊಂಜಾ, ಈ ಕಲ್ಲು ಹಿಡ್ಕೋ. ಒಳಗೆ ಇದನ್ನಿಟ್ಟು, ನೀನು ಯಾರ ಮಗಳು ಅಂತ ಇಲ್ಲಿ ಸತ್ತ ನಮ್ಮ ಹಿರಿಯರಿಗೆ ಹೇಳ್ಬೇಕು."

"ಅಮ್ಮನ ಹೆಸರು ಹೇಳ್ತೀನಿ ಅಜ್ಜಿ."

"ಅಪ್ಪಂದು?"

"ಅಪ್ಪನ ಮುತ್ತಜ್ಜ ಇಲ್ಲೇ ಕಾವಲಿಗಿದ್ನಂತಲ್ಲ. ಅವರ ಮುಂದೆ ಹ್ಯಾಗೆ ಹೇಳ್ಲಿ?"

"ಸತ್ತವರ ಹತ್ರ ಏನು ಮುಚ್ಚಿಡ್ತೀಯೇ?"

ಅಳಿಯ ಕೆಮ್ಮಿದ. "ಅತ್ತೆ, ನಾನು ಕಾರಲ್ಲೇ ಇರ್ತೀನಿ."

"ಮಗು ಕೈಲಿ ಹೇಳಿಸಿ ನೀನು ಕಾರಲ್ಲಿ ಕೂತ್ಕೋತೀಯಾ, ಡೆಟ್ಲೆಫ್?"

ಅಜ್ಜಿ ಬಗ್ಗಿ ಇನ್ನೊಂದು ಕಲ್ಲು ಹೆಕ್ಕಿ ಅವನ ಕೈಗಿಟ್ಟಳು.

"ಮೊದಲು ನೀನು ಹೇಳು."

"ಹೇಳೋಕೆ ಬಾಯೇ ಬರದಿದ್ರೆ?"

"ನಿಂತ್ಕೋ. ಇಷ್ಟು ವರ್ಷ ಕಾದವರು, ಇನ್ನೊಂದು ಗಳಿಗೆ ಕಾಯ್ತಾರೆ."

ಮೂವರೂ ಗೇಟು ದಾಟಿದರು.